ಒಂದಡಿ ಬೊಂಡಾಸಕ್ಕೆ ಇಷ್ಟೊಂದು ಸಂಭ್ರಮ ಬೇಕಾ?

ಕಪ್ಪುಹಲಗೆ ಮೇಷ್ಟ್ರು:
ನಿನ್ನೆ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ವಿಡಿಯೋ ತೋರಿಸಿದೆ. ಕೊಲೊಸಲ್ ಸ್ಕ್ವಿಡ್‌ದು. ಸ್ಕ್ವಿಡ್‌ಗಳಲ್ಲೇ ಅತಿ ಭಾರದ ಜಾತಿ. (ಸ್ಕ್ವಿಡ್ ಅಂದ್ರೆ ಕರಾವಳಿಯವರ ಬೊಂಡಾಸ, ಉದ್ದ ತೋಳುಗಳ ಸಮುದ್ರಪ್ರಾಣಿ.) 1925ರಲ್ಲಿ ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕ ತೋಳಿನ ತುಂಡು ನೋಡಿ ಇದಕ್ಕೆ ಹೆಸರಿಟ್ಟಿದ್ದರು. ಆಮೇಲೆ ನೂರು ವರ್ಷ, ಅದು ತನ್ನ ಪಾಡಿಗೆ ಆಳದಲ್ಲಿ ಈಜುವುದನ್ನು ಯಾರೂ ಕ್ಯಾಮೆರಾದಲ್ಲಿ ಹಿಡಿದಿರಲಿಲ್ಲ. 2025ರ ಮಾರ್ಚ್ 9ರಂದು ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಹತ್ತಿರ, 600 ಮೀಟರ್ ಆಳದಲ್ಲಿ, ಶ್ಮಿಟ್ ಓಷನ್ ಇನ್‌ಸ್ಟಿಟ್ಯೂಟ್‌ನ ಸುಬಾಸ್ಟಿಯನ್ ಅನ್ನುವ ರೋಬೋ ಕಣ್ಣಿಗೆ ಬಿತ್ತು. ಅದೂ ಮರಿ. 30 ಸೆಂಟಿಮೀಟರ್.

ಮೇಜಿನ ಮೇಲಿದ್ದ ಒಂದಡಿ ಸ್ಕೇಲ್ ಎತ್ತಿ ಹಿಡಿದು "ಇಷ್ಟೇ" ಅಂದೆ. ಸದಾ ಗಲಾಟೆ ಮಾಡುವ ಕೊನೇ ಬೆಂಚೂ ಗಪ್‌ಚುಪ್. ಗಾಜಿನಂಥ ಮೈ, ಒಳಗಿರೋದೆಲ್ಲ ಕಾಣುತ್ತದೆ. ತೋಳಿನ ನಡುವೆ ಸಣ್ಣ ಸಣ್ಣ ಕೊಕ್ಕೆ. ಆ ಕೊಕ್ಕೆ ನೋಡಿಯೇ ಇದು ಅದೇ ಜಾತಿ ಅಂತ ತಜ್ಞರು ಗುರುತಿಸಿದ್ದು. ಅಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತು "ಸಾರ್, ಅದರ ಅವ್ವ ಎಲ್ಲಿ?" ಅಂದಳು. ಕರೆಂಟು ಹೋಯಿತು, ನಾನು ಬಚಾವಾದೆ. ಉತ್ತರ ಗೊತ್ತಿದ್ದವರು ಹೇಳಿ.

ಬೋರ್‌ವೆಲ್ ಬಸಣ್ಣ:
600 ಮೀಟರ್ ಅಂದ್ರೆ ಹತ್ತಿರ ಹತ್ತಿರ 2,000 ಅಡಿ. ಹೋದ ಬೇಸಿಗೆ ನಮ್ಮ ಹೊಳಲ್ಕೆರೆ ಕಡೆ ನಾನೇ ರಾತ್ರಿಯೆಲ್ಲ ಲಾರಿ ಮುಂದೆ ನಿಂತು 850 ಅಡಿ ಹಾಕಿಸಿದೆ. ಬಂದಿದ್ದು ಬರೀ ಬಿಳಿ ಧೂಳು. ಬೆಳಿಗ್ಗೆ ಮನೆಗೆ ಹೋದಾಗ ನಮ್ಮಾಕೆಗೆ ನನ್ನ ಗುರುತೇ ಸಿಗಲಿಲ್ಲ, ಹಿಟ್ಟಿನ ಗಿರಣಿಯಿಂದ ಬಂದವನ ಹಾಗಿದ್ದೆ. ಇವರು ನೋಡಿದರೆ 2,000 ಅಡಿ ನೀರಲ್ಲಿ ಒಂದಡಿ ಹುಳ ನೋಡಿ ಚಪ್ಪಾಳೆ ತಟ್ಟುತ್ತಾರೆ. ತೋಟ ಒಣಗುತ್ತಿರೋ ನಮ್ಮೂರಿಗೂ ಸಮುದ್ರಕ್ಕೂ ಏನ್ರಿ ಸಂಬಂಧ?

ಕಡಲ ಸೊಸೆ:
ಹುಳ ಅನ್ನಬೇಡಿ ಅಣ್ಣ. ನಮ್ಮ ಮಲ್ಪೆ ಕಡೆ ಬೊಂಡಾಸ ಅನ್ನುತ್ತೇವೆ. ಮದುವೆಯಾಗಿ ದಾವಣಗೆರೆಗೆ ಬಂದು ಹನ್ನೆರಡು ವರ್ಷ ಆಯಿತು, ಐಸಿನಲ್ಲಿ ಬಂದ ಬೊಂಡಾಸ ಸಿಕ್ಕ ದಿನ ನನಗೆ ಹಬ್ಬ. ಕ್ಲೀನ್ ಮಾಡುವಾಗ ಒಳಗಿಂದ ಪ್ಲಾಸ್ಟಿಕ್ ಗರಿ ಥರದ್ದೊಂದು ಜಾರಿ ಈಚೆ ಬರುತ್ತದೆ. ಅದೇ ಅದರ ಆಧಾರ, ಬೆನ್ನುಮೂಳೆ ಗಿನ್ನುಮೂಳೆ ಇಲ್ಲ. ಬಸವನಹುಳುವಿನ ದೂರದ ನೆಂಟ.

ಬೋರ್‌ವೆಲ್ ಬಸಣ್ಣ:
ಬಸವನ"ಹುಳು"ವಿನ ನೆಂಟ. ನೀವೇ ಹೇಳಿದಿರಿ. ಥ್ಯಾಂಕ್ಸ್ ತಂಗಿ.

ಕಡಲ ಸೊಸೆ:
ಅಯ್ಯೋ ಶಿವನೇ. ಒಂದಡಿ ಅಂತ ತಮಾಷೆ ಮಾಡುವವರಿಗೆ ಇನ್ನೊಂದು ಹೇಳುತ್ತೇನೆ. 2007ರಲ್ಲಿ ರಾಸ್ ಸಮುದ್ರದಲ್ಲಿ ನ್ಯೂಜಿಲೆಂಡ್ ದೋಣಿಯವರಿಗೆ ಸಿಕ್ಕ ದೊಡ್ಡದು 495 ಕೆಜಿ ಇತ್ತು. ಈಗ ಅಲ್ಲಿನ ಟೆ ಪಾಪಾ ಮ್ಯೂಸಿಯಂನಲ್ಲಿದೆ. ಅದರ ಕಣ್ಣು ಊಟದ ತಟ್ಟೆಯಷ್ಟು ಅಗಲ.

ಬೆಣ್ಣೆದೋಸೆ:
495 ಕೆಜಿ! ಒಂದು ರಿಂಗ್ ಕರಿಯಲು ನಮ್ಮೂರ ದೋಸೆ ಕಾವಲಿ ಸಾಲಲ್ಲ. ಆದರೆ ಮೇಷ್ಟ್ರೇ, "ನೂರು ವರ್ಷ ಯಾರೂ ಹಿಡಿದಿರಲಿಲ್ಲ" ಅನ್ನೋದು ಸುಳ್ಳು. ಜಪಾನಿನ ಕುಬೊಡೆರಾ 2004ರಲ್ಲೇ ಒಗಸವಾರ ದ್ವೀಪಗಳ ಹತ್ತಿರ 900 ಮೀಟರ್ ಆಳದಲ್ಲಿ ಜೀವಂತ ಸ್ಕ್ವಿಡ್ ಫೋಟೋ ತೆಗೆದಿದ್ದಾರೆ. ಮಕ್ಕಳಿಗೆ ತಪ್ಪು ಕಲಿಸಬೇಡಿ.

ಕಪ್ಪುಹಲಗೆ ಮೇಷ್ಟ್ರು:
ಅದು ಜೈಂಟ್ ಸ್ಕ್ವಿಡ್. ಇದು ಕೊಲೊಸಲ್ ಸ್ಕ್ವಿಡ್. ಜಾತಿಯೇ ಬೇರೆ. ಅದು ಉದ್ದದಲ್ಲಿ ಮುಂದೆ, ಇದು ತೂಕದಲ್ಲಿ ಮುಂದೆ. ಅದಕ್ಕೆ ಕೊಕ್ಕೆ ಇಲ್ಲ, ಇದಕ್ಕೆ ಇದೆ.

ಬೆಣ್ಣೆದೋಸೆ:
ಸ್ಕ್ವಿಡ್ ಸ್ಕ್ವಿಡ್ಡೇ. ಬೆಣ್ಣೆ ದೋಸೆ, ಖಾಲಿ ದೋಸೆ, ಎರಡೂ ದೋಸೆಯೇ ತಾನೆ.

ದುರ್ಗದ ಹುಡುಗ:
ಬಸಣ್ಣ, "ನಮ್ಮೂರಿಗೂ ಸಮುದ್ರಕ್ಕೂ ಏನು ಸಂಬಂಧ" ಅಂದಿರಲ್ಲ. ನಮ್ಮ ಚಿತ್ರದುರ್ಗವೇ ಒಂದು ಕಾಲದಲ್ಲಿ ಆಳ ಸಮುದ್ರ. ಮರಡಿಹಳ್ಳಿಗೆ ಹೋಗಿ ನೋಡಿ. ದಿಂಬಿನ ಲಾವಾ ಅಂತ ಇದೆ. ನೀರೊಳಗೆ ಉಕ್ಕಿದ ಲಾವಾ ದಿಂಬಿನ ಹಾಗೆ ಉಂಡೆ ಉಂಡೆಯಾಗಿ ಗಟ್ಟಿಯಾಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸಾರಿದ್ದಾರೆ. ನಮ್ಮ ಕೋಟೆ ಸಹಿತ ನಿಂತಿರೋದು ಸಮುದ್ರದ ತಳದ ಮೇಲೆ. ಒಬ್ಬ ದುರ್ಗದವನು ಇದಕ್ಕೆ ಹೆಮ್ಮೆ ಪಡದೆ "ಏನ್ರಿ ಸಂಬಂಧ" ಅಂತಾನಾ?

ಕಲ್ಲು ಮೇಡಂ:
ಮರಡಿಹಳ್ಳಿ ಸರಿ. ಕೋಟೆ ತಪ್ಪು. ಕೋಟೆಯ ಬಂಡೆಗಳು ಗ್ರಾನೈಟ್. ನೆಲದೊಳಗೆ ಆಳದಲ್ಲಿ ನಿಧಾನವಾಗಿ ಆರಿದ ಕಲ್ಲು. ಮೇಲಿದ್ದದ್ದೆಲ್ಲ ಸವೆದು ಈಗ ಹೊರಗೆ ಕಾಣುತ್ತಿದೆ. ಭೂವಿಜ್ಞಾನ ಓದಿದವಳು, ಅದಕ್ಕೇ ಹೇಳಿದೆ.

ದುರ್ಗದ ಹುಡುಗ:
ಮೇಡಂ, ನೀವು ಓದಿರಬಹುದು. ನಾನು ಆ ಕೋಟೆ ಬುಡದಲ್ಲೇ ಹುಟ್ಟಿ ಬೆಳೆದವನು. ಸುಮ್ನೆ "ತಪ್ಪು" ಅಂದ್ರೆ ಆಗಲ್ಲ. ಮರಡಿಹಳ್ಳಿ ಎಷ್ಟು ದೂರ ಅಂತ? ಅಲ್ಲಿ ಸಮುದ್ರ ಇದ್ದರೆ ಇಲ್ಲಿ ಇರಲಿಲ್ಲವಾ?

ಪೆನ್ಷನ್ ಪರಮೇಶಿ:
ನೀವೆಲ್ಲ ಕಲ್ಲು ಹಿಡಿದುಕೊಂಡು ಕೂತಿದ್ದೀರಿ. ನನ್ನ ಚಿಂತೆ ಬೇರೆ. ಆಳದ ಪ್ರಾಣಿಗಳು ಒಂದೊಂದಾಗಿ ಮೇಲೆ ಬರುತ್ತಿವೆ. ಟೆನೆರಿಫ್ ದ್ವೀಪದ ಹತ್ತಿರ 2025ರ ಜನವರಿಯಲ್ಲಿ ಆ ಕಪ್ಪು ಮೀನು, ತಲೆ ಮೇಲೆ ದೀಪ ಇಟ್ಟುಕೊಂಡಿರೋದು, ಹಗಲು ಹೊತ್ತಿನಲ್ಲೇ ನೀರಿನ ಮೇಲಕ್ಕೆ ಬಂದಿತ್ತು. ರಿಬ್ಬನ್ ಥರದ ಓರ್‌ಫಿಶ್ ದಡಕ್ಕೆ ಬಂದರೆ ಭೂಕಂಪ ಅಂತ ಜಪಾನಿನವರು ಹಿಂದಿನಿಂದಲೂ ಹೇಳುತ್ತಾರೆ. ಹಿರಿಯರು ಸುಮ್ಮನೆ ಹೇಳಲ್ಲ.

ಕಡಲ ಸೊಸೆ:
ಆ ಮೀನಿನ ವಿಡಿಯೋ ನೋಡಿ ನಾನೂ ಅತ್ತುಬಿಟ್ಟೆ, ಸುಳ್ಳು ಹೇಳಲ್ಲ. ಆಮೇಲೆ ಗೊತ್ತಾಯಿತು, ಅದು ಅಂಗೈಯಲ್ಲಿ ಹಿಡಿಸುವಷ್ಟೇ ಇತ್ತಂತೆ. ಸ್ವಲ್ಪ ಹೊತ್ತಿಗೇ ಸತ್ತೂ ಹೋಯಿತು. ಕಾಯಿಲೆಯೋ ಏನೋ ಪಾಪ. ಭೂಕಂಪದ ಮಾತು ಬೇಡ ಮಾವ. ಅದೇ ಜಪಾನಿನವರೇ 2019ರಲ್ಲಿ ಲೆಕ್ಕ ಹಾಕಿದ್ದಾರೆ. 1928ರಿಂದ 2011ರವರೆಗೆ ಆಳದ ಮೀನು ಕಂಡ 336 ಸಲ, 221 ಭೂಕಂಪ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಹೊಂದಿಕೆಯಾಗಿದ್ದು ಒಂದೇ ಒಂದು.

ಪೆನ್ಷನ್ ಪರಮೇಶಿ:
ಒಂದಾದರೂ ಆಯಿತಲ್ಲಮ್ಮ!

ಬೆಣ್ಣೆದೋಸೆ:
ಹುಡುಗ, ದುರ್ಗದವರಿಗೆ ಈಗ ಸಮುದ್ರವೂ ಬೇಕಾಯಿತಾ? ನಿಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬೀಳೋಕೆ 2022 ಬರಬೇಕಾಯಿತು. ಹೆಸರು ಮಾತ್ರ ಸಾಗರ.

ದುರ್ಗದ ಹುಡುಗ:
2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ಅದನ್ನು ಹೇಳಲ್ಲ ನೋಡಿ. ನಿಮ್ಮ ಸೂಳೆಕೆರೆಗೆ ಶಾಂತಿಸಾಗರ ಅಂತ ಹೆಸರಿಟ್ಟುಕೊಂಡು ನಮಗೆ ಹೇಳ್ತೀರಾ? 1997ರವರೆಗೆ ದಾವಣಗೆರೆ ನಮ್ಮ ಜಿಲ್ಲೆಯೊಳಗೇ ಇತ್ತು. ನೆನಪಿರಲಿ.

ಬೆಣ್ಣೆದೋಸೆ:
ಬಿಟ್ಟು ಬಂದೆವಲ್ಲ, ಅದೇ ನಮ್ಮ ಪುಣ್ಯ.

ಅಡ್ಮಿನ್:
ಜಿಲ್ಲೆ ಜಗಳ ಬೇಡ. ಹೋದ ತಿಂಗಳ ಮಂಡಕ್ಕಿ ಜಗಳಕ್ಕೆ ಮೂವರು ಗುಂಪು ಬಿಟ್ಟು ಹೋಗಿದ್ದಾರೆ. ವಿಷಯ ಸಮುದ್ರ.

ಬೋರ್‌ವೆಲ್ ಬಸಣ್ಣ:
ವಿಷಯಕ್ಕೇ ಬರ್ತೀನಿ. 2021ರಲ್ಲಿ ಕೇಂದ್ರದವರು ಡೀಪ್ ಓಷನ್ ಮಿಷನ್ ಅಂತ 4,077 ಕೋಟಿಗೆ ಒಪ್ಪಿಗೆ ಕೊಟ್ಟರು. ಮತ್ಸ್ಯ 6000 ಅನ್ನುವ ಮುಳುಗುನೌಕೆಯಂತೆ, ಮೂರು ಜನ ಕೂತು 6,000 ಮೀಟರ್ ಇಳಿಯುತ್ತಾರಂತೆ. ನಮ್ಮ ಕೆರೆಗೆ ಕಾಲುವೆ ನೀರು ಬರುತ್ತದೆ ಅಂತ ನಾನು ನಮ್ಮಪ್ಪನ ಕಾಲದಿಂದ ಕೇಳುತ್ತಿದ್ದೇನೆ. ಆ ದುಡ್ಡಿಗೆ ಎಷ್ಟು ಕೆರೆ ತುಂಬುತ್ತಿತ್ತು?

ಕಪ್ಪುಹಲಗೆ ಮೇಷ್ಟ್ರು:
ಆ ದುಡ್ಡು ಬೊಂಡಾಸ ನೋಡೋಕೆ ಮಾತ್ರ ಇರೋದಲ್ಲ ಬಸಣ್ಣ. ಮತ್ಸ್ಯದಲ್ಲಿ ಜನ ಕೂರುವ ಗೋಳ ಟೈಟಾನಿಯಂದು, ಒಳಗೆ 2.1 ಮೀಟರ್ ಅಗಲ. ನಮ್ಮ ಸ್ಟಾಫ್ ರೂಮಿನ ಬೀರು ಇಟ್ಟ ಮೂಲೆಯಷ್ಟು ಜಾಗದಲ್ಲಿ ಮೂರು ಜನ. ಪ್ರತಿ 10 ಮೀಟರಿಗೆ ಒಂದು ವಾಯುಭಾರ ಒತ್ತಡ ಹೆಚ್ಚುತ್ತದೆ. 6,000 ಮೀಟರಿಗೆ 600 ಪಟ್ಟು. ಅದನ್ನು ತಡೆಯುವ ಗೋಳ ಮಾಡಲು ಕಲಿತರೆ ಆ ವಿದ್ಯೆ ನಮ್ಮದಾಗುತ್ತದೆ. ಹಿಂದೂ ಮಹಾಸಾಗರದ ತಳದಲ್ಲಿ 75,000 ಚದರ ಕಿಲೋಮೀಟರ್ ಜಾಗವನ್ನು ಲೋಹದ ಗಡ್ಡೆಗಳ ಹುಡುಕಾಟಕ್ಕೆ ಅಂತ ಭಾರತಕ್ಕೆ ಕೊಟ್ಟಿದ್ದಾರೆ. ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್. ಇವತ್ತಿನ ಬ್ಯಾಟರಿಗೆ ಬೇಕಾದದ್ದು.

ಬೋರ್‌ವೆಲ್ ಬಸಣ್ಣ:
ಹಾಂ! ಬಂತು ನೋಡಿ ಬಾಯಿಗೆ. ಗಣಿ! ಮೊದಲು ಮುದ್ದು ಮುದ್ದು ಬೊಂಡಾಸದ ವಿಡಿಯೋ, ಆಮೇಲೆ ಜೆಸಿಬಿ. ಗಣಿ ಲಾರಿಯ ಕೆಂಪು ಧೂಳು ನಮ್ಮ ಅಡಿಕೆ ಗರಿ ಮೇಲೆ ಕೂತಿದ್ದನ್ನು ಬೆರಳಲ್ಲಿ ಒರೆಸಿ ನೋಡಿದವನು ನಾನು. ಸಮುದ್ರದ ತಳದಲ್ಲಿ ಧೂಳು ಎದ್ದರೆ ಯಾರು ನೀರು ಹೊಡೀತಾರೆ?

ಕಡಲ ಸೊಸೆ:
ಇದೊಂದು ಮಾತು ಮಾತ್ರ ನಿಜ ಅಣ್ಣ. ಆ ಗಡ್ಡೆಗಳು ಆಲೂಗಡ್ಡೆ ಗಾತ್ರಕ್ಕೆ ಬೆಳೆಯೋಕೆ ಹತ್ತಾರು ಲಕ್ಷ ವರ್ಷ ಬೇಕು.

ಬೋರ್‌ವೆಲ್ ಬಸಣ್ಣ:
ಅಂದ್ರೆ ಮಿಕ್ಕಿದ್ದೆಲ್ಲ ನಾನು ಸುಳ್ಳು ಹೇಳಿದೆನಾ?

ಕಲ್ಲು ಮೇಡಂ:
ಹುಡುಗನಿಗೆ ಉತ್ತರ ಬಾಕಿ ಇದೆ. ಮರಡಿಹಳ್ಳಿಯಲ್ಲಿ ಕಾಣೋದು ಹೀಗೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಒಟ್ಟಿರುತ್ತಾರಲ್ಲ, ಮೇಲಿನ ಚೀಲ ಕೆಳಗಿನ ಎರಡು ಚೀಲದ ಸಂದಿಗೆ ಇಳಿದು ಕೂತಿರುತ್ತದೆ, ಹಾಗೆ. ಮೇಲ್ಭಾಗ ದುಂಡು, ಅಡಿ ಚೂಪು. ಬಿಸಿ ಲಾವಾ ನೀರಿಗೆ ಬಿದ್ದ ತಕ್ಷಣ ಹೊರಗಿನ ಪದರ ಗಟ್ಟಿಯಾಗಿ ಚೀಲ ಆಗುತ್ತದೆ. ಒಳಗೆ ಇನ್ನೂ ಮೆತ್ತಗೆ. ಹಿಂದಿನಿಂದ ಒತ್ತಿದ ಲಾವಾ ಆ ಚೀಲ ಹರಿದು ಇನ್ನೊಂದು ಚೀಲ ಕಟ್ಟುತ್ತದೆ. ಹವಾಯಿಯಲ್ಲಿ ಮುಳುಗುಗಾರರು ಇದು ಆಗುತ್ತಿರುವಾಗಲೇ ಚಿತ್ರೀಕರಿಸಿದ್ದಾರೆ. ಕೋಟೆಯ ಬಂಡೆಯಲ್ಲಿ ಇಂಥದ್ದೇನೂ ಇಲ್ಲ. ಹತ್ತಿರ ಹೋಗಿ ನೋಡಿ, ಕಡಲೆಬೇಳೆಯಷ್ಟು ಹರಳು ಬರಿಗಣ್ಣಿಗೇ ಕಾಣುತ್ತವೆ. ನೀರಿಗೆ ಬಿದ್ದು ಫಟ್ಟನೆ ಆರಿದ ಕಲ್ಲಿಗೆ ಅಷ್ಟು ದೊಡ್ಡ ಹರಳು ಕಟ್ಟಲು ಪುರುಸೊತ್ತೇ ಇರಲ್ಲ.

ದುರ್ಗದ ಹುಡುಗ:
"ಇಂಥದ್ದೇನೂ ಇಲ್ಲ" ಅಂದ್ರಾ? ಒನಕೆ ಓಬವ್ವ ನಿಂತ ಕಿಂಡಿ ಇರುವ ಬಂಡೆಗೆ "ಏನೂ ಇಲ್ಲ" ಅಂತೀರಾ? ಏಳು ಸುತ್ತಿನ ಕೋಟೆ ಮೇಡಂ ಅದು.

ಕಲ್ಲು ಮೇಡಂ:
ಓಬವ್ವನಿಗೂ ಗ್ರಾನೈಟಿಗೂ ಜಗಳ ಇಲ್ಲ ಮಾರಾಯ. ಗ್ರಾನೈಟ್ ಆಗಿದ್ದಕ್ಕೇ ಆ ಕೋಟೆ ಇವತ್ತಿಗೂ ನಿಂತಿದೆ. ನಾನು ಹೇಳಿದ್ದು ಅದು ಸಮುದ್ರದ ತಳ ಅಲ್ಲ ಅಂತ, ಅಷ್ಟೇ.

ಬೆಣ್ಣೆದೋಸೆ:
ಮೇಡಂ, ಒಂದು ಸಣ್ಣ ಡೌಟು. ದಿಂಬಿನ ಲಾವಾ ಕೆರೆಯಲ್ಲೂ ಆಗಬಹುದು ತಾನೆ? ನೀರು ಇದ್ದರೆ ಸಾಕಲ್ಲ?

ಕಲ್ಲು ಮೇಡಂ:
ಆಗಬಹುದು. ಕೆರೆಯಲ್ಲಿ, ಮಂಜುಗಡ್ಡೆ ಕೆಳಗೆ ಕೂಡ ಆಗುತ್ತದೆ. ಆದರೆ ಇಲ್ಲಿನ ಸುತ್ತಲಿನ ಬೇರೆ ಕಲ್ಲುಗಳನ್ನೂ ಸೇರಿಸಿ ನೋಡಬೇಕು, ಆಗ

ಬೆಣ್ಣೆದೋಸೆ:
ಆಯ್ತು! ಕೆರೆ! ದುರ್ಗದವರ ಸಮುದ್ರ ಕೆರೆ ಆಯ್ತು. ಸೂಳೆಕೆರೆಗೆ ಜೈ.

ಕಲ್ಲು ಮೇಡಂ:
ನನ್ನ ವಾಕ್ಯ ಮುಗಿದಿರಲಿಲ್ಲ. ಕೈ ತಾಗಿ ಎಂಟರ್ ಒತ್ತಿಹೋಯಿತು. ಸುತ್ತಲಿನ ಕಲ್ಲುಗಳನ್ನು ಸೇರಿಸಿ ನೋಡಿದರೆ ಸಮುದ್ರ ಅನ್ನೋದಕ್ಕೇ ಹೆಚ್ಚು ಆಧಾರ. ಇದನ್ನೂ ಓದಿ ದಯವಿಟ್ಟು.

ಬೆಣ್ಣೆದೋಸೆ:
ಎಂಟರ್ ಒತ್ತಿದ ಮೇಲೆ ಮುಗೀತು ಮೇಡಂ. ಬಾಣ ಬಿಟ್ಟ ಮೇಲೆ ಬಿಟ್ಟ ಹಾಗೆ.

ಪೆನ್ಷನ್ ಪರಮೇಶಿ:
ಸಮುದ್ರವೇ ಇದ್ದಿದ್ದರೆ ಮೀನಿನ ಮುಳ್ಳು ಸಿಗಬೇಕಿತ್ತಲ್ಲ ಕಲ್ಲಿನಲ್ಲಿ? ನಮ್ಮ ಮನೆ ಪಾಯ ತೆಗೆದಾಗ ಎಂಟು ಅಡಿ ಅಗೆಸಿದೆ, ಒಂದೂ ಸಿಗಲಿಲ್ಲ.

ಕಲ್ಲು ಮೇಡಂ:
ಸಿಗಲ್ಲ ಸರ್. ಆ ಲಾವಾಕ್ಕೆ 250 ಕೋಟಿ ವರ್ಷದ ಆಸುಪಾಸು ವಯಸ್ಸು. ಆಗ ಮೀನೂ ಇರಲಿಲ್ಲ, ಬೊಂಡಾಸವೂ ಇರಲಿಲ್ಲ. ಬರೀ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು.

ಬೋರ್‌ವೆಲ್ ಬಸಣ್ಣ:
ಕೇಳಿದ್ರಾ ಎಲ್ಲರೂ? "ಬೊಂಡಾಸವೂ ಇರಲಿಲ್ಲ." ನಾನು ಮೊದಲೇ ಹೇಳಿದೆ, ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತ.

ಕಪ್ಪುಹಲಗೆ ಮೇಷ್ಟ್ರು:
ಸಂಬಂಧ ಇದೆ, ನಾನು ಹೇಳ್ತೀನಿ ಕೇಳಿ. 1977ರಲ್ಲಿ ಗಲಾಪಗಸ್ ಹತ್ತಿರ, ಸುಮಾರು 2,500 ಮೀಟರ್ ಆಳದಲ್ಲಿ, ಇಂಥದ್ದೇ ದಿಂಬಿನ ಲಾವಾ ನಡುವೆ ಬಿಸಿನೀರಿನ ಬುಗ್ಗೆ ಸಿಕ್ಕಿತು. ಸುತ್ತ ನೋಡಿದರೆ ಮಳಿ ಅನ್ನುವ ಚಿಪ್ಪುಪ್ರಾಣಿ, ಕೊಳವೆ ಹುಳ, ಏಡಿ, ಜಾತ್ರೆಯೇ ನೆರೆದಿತ್ತು. ಬಿಸಿಲೇ ಇಲ್ಲದ ಕಡೆ, ಬುಗ್ಗೆಯಲ್ಲಿ ಬರುವ ರಾಸಾಯನಿಕದಿಂದ ಬದುಕುವ ಬ್ಯಾಕ್ಟೀರಿಯಾ, ಅದನ್ನು ನೆಚ್ಚಿಕೊಂಡು ಉಳಿದವು. ಅಲ್ಲಿಯವರೆಗೆ ನಾವು ಮೇಷ್ಟ್ರುಗಳು "ಎಲ್ಲ ಜೀವಕ್ಕೂ ಸೂರ್ಯನೇ ಆಧಾರ" ಅಂತ ಕಣ್ಣು ಮುಚ್ಚಿ ಬರೆಸುತ್ತಿದ್ದೆವು. ಅಲ್ಲಿಗೆ ಹೋದವರು ಕಲ್ಲು ನೋಡೋಕೆ ಹೋಗಿದ್ದು, ಪ್ರಾಣಿ ಹುಡುಕೋಕಲ್ಲ. ಮನುಷ್ಯರು ಕಣ್ಣಾರೆ ಕಂಡ ಆಳ ಸಮುದ್ರದ ತಳ ಇವತ್ತಿಗೂ 0.001 ಶೇಕಡದಷ್ಟೂ ಇಲ್ಲ ಅಂತ 2025ರಲ್ಲಿ ಒಂದು ಲೆಕ್ಕ ಬಂದಿದೆ. ಹೆಚ್ಚೆಂದರೆ 3,823 ಚದರ ಕಿಲೋಮೀಟರ್. ಚಿತ್ರದುರ್ಗ ಜಿಲ್ಲೆಯ ಅರ್ಧವೂ ಆಗಲ್ಲ.

ಬೆಣ್ಣೆದೋಸೆ:
"ಬರೆಸುತ್ತಿದ್ದೆವು"! 1977ರಲ್ಲಿ ನೀವು ಮೇಷ್ಟ್ರಾಗಿದ್ರಾ? ಹಾಗಾದ್ರೆ ಇನ್ನೂ ರಿಟೈರ್ ಆಗಿಲ್ಲ ಯಾಕೆ?

ದುರ್ಗದ ಹುಡುಗ:
"ಚಿತ್ರದುರ್ಗ ಜಿಲ್ಲೆಯ ಅರ್ಧ"! ನೋಡಿ, ಅಳತೆಗೂ ನಮ್ಮ ಜಿಲ್ಲೆಯೇ ಬೇಕು. ದಾವಣಗೆರೆ ಜಿಲ್ಲೆಯ ಅಳತೆ ಯಾರೂ ಹೇಳಲ್ಲ.

ಅಡ್ಮಿನ್:
ಇನ್ನೊಂದು ಸಲ ಜಿಲ್ಲೆ ಅಂದವರನ್ನು ಒಂದು ವಾರ ಹೊರಗೆ ಹಾಕುತ್ತೇನೆ. ನಾನು ಹರಿಹರದವನು, ನನಗೆ ಇಬ್ಬರೂ ಒಂದೇ.

ಬೆಣ್ಣೆದೋಸೆ:
ಹರಿಹರ ಯಾವ ಜಿಲ್ಲೆ ಸರ್?

ಕಪ್ಪುಹಲಗೆ ಮೇಷ್ಟ್ರು:
ನಾನು ಕೇಳಿದ ಪ್ರಶ್ನೆ ಇನ್ನೂ ಅಲ್ಲೇ ಇದೆ. ಸೋಮವಾರ ಆ ಹುಡುಗಿ ಮತ್ತೆ ಕೇಳುತ್ತಾಳೆ. ಅದರ ಅವ್ವ ಎಲ್ಲಿ?

ಕಡಲ ಸೊಸೆ:
ಸರ್, ದೊಡ್ಡವು ಇನ್ನೂ ಆಳದಲ್ಲಿ ಇರುತ್ತವೆ ಅಂತಾರೆ. ಮರಿ ಸಣ್ಣದಿರುವಾಗ ಗಾಜಿನ ಮೈ ಇಟ್ಟುಕೊಂಡು ಸ್ವಲ್ಪ ಮೇಲೆ ಓಡಾಡಿಕೊಂಡು ಬೆಳೆಯುತ್ತದೆ. ದೊಡ್ಡದಾದ ಮೇಲೆ ಆ ಗಾಜು ಹೋಗುತ್ತದೆ. ದೊಡ್ಡದನ್ನು ಜನ ನೋಡಿರೋದು ಬಹಳ ಮಟ್ಟಿಗೆ ತಿಮಿಂಗಿಲದ ಹೊಟ್ಟೆಯಲ್ಲಿ, ಇಲ್ಲ ಮೀನಿನ ಗಾಳದಲ್ಲಿ ಸಾಯುತ್ತಾ ಮೇಲೆ ಬಂದಾಗ. ತನ್ನ ಜಾಗದಲ್ಲಿ ಆರಾಮಾಗಿ ಈಜುವ ದೊಡ್ಡದು ಇನ್ನೂ ಯಾವ ಕ್ಯಾಮೆರಾಕ್ಕೂ ಸಿಕ್ಕಿಲ್ಲ. ಹುಡುಗಿಗೆ "ಕೆಳಗಿದ್ದಾಳೆ" ಅನ್ನಿ.

ಪೆನ್ಷನ್ ಪರಮೇಶಿ:
ಅವ್ವ ಮೇಲೆ ಬಂದ ದಿನ ಭೂಕಂಪ. ಬರೆದಿಟ್ಟುಕೊಳ್ಳಿ.

ಬೋರ್‌ವೆಲ್ ಬಸಣ್ಣ:
ಅದಿರಲಿ. ಮೇಡಂ, ಗ್ರಾನೈಟ್ ಅಂದ್ರಲ್ಲ. ನಮ್ಮ ಹೊಲದಲ್ಲೂ ಅದೇ ಬಿಳಿ ಧೂಳು ಬಂದಿದ್ದು. ಅಂಥ ಕಲ್ಲಿನಲ್ಲಿ ನೀರು ಎಷ್ಟು ಅಡಿಗೆ ಸಿಗುತ್ತದೆ?

ಕಲ್ಲು ಮೇಡಂ:
ಅಡಿ ಲೆಕ್ಕದಲ್ಲಿ ಹೇಳೋಕಾಗಲ್ಲ ಸರ್. ಗಟ್ಟಿ ಗ್ರಾನೈಟ್ ನೀರು ಹಿಡಿದಿಡಲ್ಲ. ಬಿರುಕು ಇದ್ದರೆ ಅದರೊಳಗೆ ಮಾತ್ರ ನೀರು. ಆಳಕ್ಕೆ ಹೋದಷ್ಟೂ ಬಿರುಕು ಕಮ್ಮಿ. 850 ಅಡಿಗೆ ಬದಲು ಜಾಗ ಬದಲಿಸಿ 300 ಅಡಿ ಹಾಕಿಸಿದ್ದರೂ ಆಗುತ್ತಿತ್ತೋ ಏನೋ. ಪಾಯಿಂಟ್ ಯಾರು ಹೇಳಿದ್ದು?

ಬೋರ್‌ವೆಲ್ ಬಸಣ್ಣ:
ತೆಂಗಿನಕಾಯಿ ಹಿಡಿದು ನೋಡುವವರು.

ದುರ್ಗದ ಹುಡುಗ:
ಒಂದು ನಿಮಿಷ. ಗ್ರಾನೈಟ್ ಅಂತ ನಾನಿನ್ನೂ ಒಪ್ಪಿಲ್ಲ.